ಅದು ಮಂಜಾಗಿರಲಿಲ್ಲ

ಆಸ್ಪತ್ರೆಯ ಬೆಡ್‌ಶೀಟಿನ ಒಂದು ತುದಿ ನೀಲಿಯಕ್ಕನ ಕೈಯಲ್ಲಿತ್ತು, ಇನ್ನೊಂದು ತುದಿ ಸೊಸೆಯ ಕೈಯಲ್ಲಿ. ಎದುರುಬದುರು ನಿಂತು ಇಬ್ಬರೂ ತಂತಮ್ಮ ಬಲಕ್ಕೆ ತಿರುಚುತ್ತಿದ್ದರು. ಬಟ್ಟೆ ಹಗ್ಗದ ಹಾಗೆ ಹುರಿಗೊಂಡು, ಅದರೊಳಗಿನ ನೀರು ಒಗೆಯುವ ಕಲ್ಲಿನ ಮೇಲೆ ಸುರಿಯುತ್ತಿತ್ತು.

"ಇನ್ನೊಂದು ಸುತ್ತು ಬಿಗಿ ಮಾಡಮ್ಮ. ನಡುವೆ ಇನ್ನೂ ನೀರಿದೆ."

"ನಾನು ಬಿಗಿಯಾಗೇ ಹಿಡಿದಿದ್ದೀನಿ ಅತ್ತೆ. ನಿಮ್ಮ ಕಡೇನೇ ಸಡಿಲ."

ಮಾತು ನಿಜ. ಹನ್ನೊಂದು ತಿಂಗಳಿಂದ ನೀಲಿಯಕ್ಕನ ಕಡೆಯೇ ಸಡಿಲವಾಗಿತ್ತು.

ನೀಲಿಯಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬಿಳಿ ಬಟ್ಟೆಗೆ ನೀಲಿ ಹಾಕಿ ಹಾಕಿ ಅವಳ ಬೆರಳ ತುದಿಗಳು ಎಷ್ಟು ತೊಳೆದರೂ ಹೋಗದ ಹಾಗೆ ನೀಲಿಯಾಗಿದ್ದವು. ಹೊಳೆಯ ದಂಡೆಯ ಆ ಕೆಳಬೀದಿಯಲ್ಲಿ ಇಪ್ಪತ್ತು ಮನೆ, ಇಪ್ಪತ್ತೂ ಬಟ್ಟೆ ಒಗೆಯುವವರದೇ. ನೀಲಿಯಕ್ಕನ ಮನೆಗೆ ಆಸ್ಪತ್ರೆಯ ಬಟ್ಟೆ ಬರುತ್ತಿತ್ತು. ಅವಳು ಒಗೆಯುತ್ತಿದ್ದಳು, ಗಂಡ ಇಸ್ತ್ರಿ ಹಾಕುತ್ತಿದ್ದ, ಮಗ ಬಾಯ್ಲರ್‌ ನೋಡಿಕೊಂಡು ಅಮ್ಮನ ಜೊತೆ ಬಟ್ಟೆ ಹಿಂಡುತ್ತಿದ್ದ. ಹೋದ ವರ್ಷದ ಪ್ರವಾಹದಲ್ಲಿ ಮಗ ಹೋದ. ಅವನು ಹಿಡಿಯುತ್ತಿದ್ದ ತುದಿಯನ್ನು ಈಗ ಅವನ ಹೆಂಡತಿ ಹಿಡಿಯುತ್ತಾಳೆ.

"ಅಕ್ಕಾ, ಇದ್ದೀರಾ?"

ಗೇಟಿನ ಹತ್ತಿರ ನರ್ಸಮ್ಮನ ದನಿ. ಆ ದನಿ ಕಿವಿಗೆ ಬಿದ್ದದ್ದೇ ಸೊಸೆ ತನ್ನ ತುದಿಯನ್ನು ಬಿಟ್ಟುಬಿಟ್ಟಳು. ಹುರಿಗೊಂಡಿದ್ದ ಬಟ್ಟೆ ಗಿರ್ರನೆ ಬಿಚ್ಚಿಕೊಂಡು ಮಣ್ಣಿಗೆ ಬಿತ್ತು. ಸೊಸೆ ಅತ್ತ ತಿರುಗಿಯೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನರ್ಸಮ್ಮ ಮುಚ್ಚಿದ ಬಾಗಿಲನ್ನು ನೋಡಿದಳು. ಈ ಬೀದಿಯ ಎಷ್ಟೋ ಮಕ್ಕಳಿಗೆ ಮೊದಲ ಚುಚ್ಚುಮದ್ದು ಕೊಟ್ಟವಳು ಅವಳು. ನೀಲಿಯಕ್ಕನ ಮಗನಿಗೂ ಅವಳೇ ಕೊಟ್ಟಿದ್ದಳು. ಹನ್ನೊಂದು ತಿಂಗಳಿಂದ ಆ ಬಾಗಿಲು ಅವಳಿಗೆ ಹೀಗೇ ಮುಚ್ಚಿಕೊಳ್ಳುತ್ತಿತ್ತು.

"ಕೂತ್ಕೋ ನರ್ಸಮ್ಮ," ಎಂದು ನೀಲಿಯಕ್ಕ ಕಲ್ಲಿನ ಮೇಲಿನ ನೀರನ್ನು ಸೆರಗಿನಿಂದ ಒರೆಸಿದಳು.

"ಕೂರೋಕೆ ಪುರುಸೊತ್ತಿಲ್ಲಕ್ಕ. ಶನಿವಾರ ಪಟ್ಟಿ ಮುಚ್ತಾರೆ. ಮಳೆಗಾಲಕ್ಕೆ ಡ್ರೋನ್ ಎಲ್ಲೆಲ್ಲಿ ಇಡಬೇಕು ಅನ್ನೋ ಪಟ್ಟಿ. ನಮ್ಮ ಕೆಳಬೀದಿ ಅದರಲ್ಲಿ ಇಲ್ಲ."

ಇಸ್ತ್ರಿ ಕೋಣೆಯ ಕಿಟಕಿಯಿಂದ ನೀಲಿಯಕ್ಕನ ಗಂಡ ತಲೆ ಹೊರಗೆ ಹಾಕಿದ. ಬೀದಿಯವರು ಅವನನ್ನು ಇಸ್ತ್ರಿ ಮಾವ ಅನ್ನುತ್ತಾರೆ. ಅವನ ಬಾಯಿ ಅವನ ಇಸ್ತ್ರಿ ಪೆಟ್ಟಿಗೆಗಿಂತ ಬಿಸಿ.

"ಇಲ್ಲದಿದ್ರೆ ಒಳ್ಳೇದೇ ಆಯ್ತು ಬಿಡಮ್ಮ. ಹಿಂದೆ ಆ ಹಾರೋ ದೆವ್ವ ಬಂದು ಮನೆ ಅಳೆದು ಹೋಯ್ತು. ಆಮೇಲೆ ಒಂಬತ್ತು ಮನೆ ಕೆಡವಿದ್ರು. ಅವತ್ತು ಗೋಡೆ ಎಣಿಸೋಕೆ ಬಂದವರು ಇವತ್ತು ನಮ್ಮ ಜೀವ ಎಣಿಸೋಕೆ ಬರ್ತಾರಾ?"

"ಅದು ಬೇರೆ ಮಾವ, ಇದು ಬೇರೆ. ಅದು ರಸ್ತೆ ಅಗಲ ಮಾಡೋರದು. ಇದು ನಮ್ಮದು, ಆರೋಗ್ಯದೋರದು."

"ನಮ್ಮ ಕಣ್ಣಿಗೆ ಎರಡೂ ಒಂದೇ. ನಾಲ್ಕು ರೆಕ್ಕೆ, ಹೊಟ್ಟೇಲಿ ಒಂದು ಕಣ್ಣು."

ನರ್ಸಮ್ಮ ಸಿಟ್ಟಾಗಲಿಲ್ಲ. ತನ್ನ ಫೋನನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಮಾವ, ಪ್ರವಾಹದ ದಿನ ಟವರ್ ಬಿತ್ತು. ಟವರ್ ಬಿದ್ಮೇಲೆ ಈ ಫೋನು ಏನು?"

"ಡಬ್ಬ."

"ಡಬ್ಬಾನೇ. ಆ ಡ್ರೋನು ಬೆನ್ನ ಮೇಲೆ ಒಂದು ಸಣ್ಣ ಟವರನ್ನ ಹೊತ್ಕೊಂಡು ಬರುತ್ತೆ. ಅದು ಮೇಲೆ ನಿಂತಿರೋವರೆಗೂ ಕೆಳಗಿರೋ ನಮ್ಮ ಫೋನು, ನನ್ನ ಕೈಯಲ್ಲಿರೋ ಟ್ಯಾಬು ಎಲ್ಲಕ್ಕೂ ಜೀವ ಬರುತ್ತೆ. ಅಷ್ಟೇ ಅಲ್ಲ, ಅದರ ಜೊತೆ ಒಂದು ಪುಟ್ಟ ಕಂಪ್ಯೂಟರೂ ಇರುತ್ತೆ. ಯಾವ ಮನೇಲಿ ಯಾರಿಗೆ ಏನಾಗಿದೆ ಅಂತ ನಾನು ಕೆಳಗಿಂದ ಬರೆದ್ರೆ, ಯಾರಿಗೆ ಮೊದಲು ದೋಣಿ ಹೋಗಬೇಕು, ಯಾರು ಸ್ವಲ್ಪ ಕಾಯಬಹುದು ಅಂತ ಅಲ್ಲೇ ಮೇಲೇನೇ ಲೆಕ್ಕ ಹಾಕಿ ಹೇಳುತ್ತೆ. ದೂರದ ಡಾಕ್ಟರನ್ನ ನನ್ನ ಟ್ಯಾಬಿಗೆ ತರುತ್ತೆ."

"ಒಂದು ಹಕ್ಕಿಯಷ್ಟು ಯಂತ್ರಕ್ಕೆ ಇಷ್ಟು ಕೆಲಸಾನಾ?"

"ಒಂದಕ್ಕೇ ಅಲ್ಲ. ನಿಮ್ಮ ಬಾಯ್ಲರ್ ಕೆಟ್ಟಾಗ ಪಕ್ಕದ ಮನೆಯೋರ ಬಾಯ್ಲರಲ್ಲಿ ಕುದಿಸ್ತೀರಲ್ಲ, ಅವರಿಗೆ ಕೆಲಸ ಜಾಸ್ತಿಯಾದಾಗ ನೀವು ಎರಡು ಮೂಟೆ ತಗೋತೀರಲ್ಲ. ಹಾಗೇ. ಮೂರು ನಾಲ್ಕು ಡ್ರೋನು ಬಂದ್ರೆ ಅವು ಕೆಲಸಾನ ಹಂಚ್ಕೊಳ್ತವೆ."

ಇಸ್ತ್ರಿ ಮಾವ ಸುಮ್ಮನಾದ. ಒಪ್ಪಿದ್ದಕ್ಕಲ್ಲ, ಬಟ್ಟೆ ಸುಟ್ಟ ವಾಸನೆ ಬಂದದ್ದಕ್ಕೆ ತಲೆ ಒಳಗೆಳೆದುಕೊಂಡ.

ನರ್ಸಮ್ಮ ನೀಲಿಯಕ್ಕನ ಕಡೆ ತಿರುಗಿದಳು. ದನಿ ತಗ್ಗಿಸಿದಳು.

"ಕೆಳಬೀದಿ ಯಾಕೆ ಬೇಡ ಅಂತಾರೆ ಗೊತ್ತಾ ಅಕ್ಕ? ಪ್ರವಾಹದ ದಿನ ಇಲ್ಲಿ ಡ್ರೋನು ಬಿತ್ತಲ್ಲ, ಅದರ ಕಣ್ಣಿಗೆ ಕೊನೆಗೆ ಕಂಡದ್ದು ಬರೀ ಬಿಳಿಯಂತೆ. ಚಿತ್ರದ ತುಂಬಾ ಬಿಳಿ, ಆಮೇಲೆ ಏನೂ ಇಲ್ಲ. ಅದಕ್ಕೆ ಹೊಳೆ ಕಡೆಯಿಂದ ಮಂಜು ಬಂದು ಮುಚ್ಚಿಕೊಂಡಿರಬೇಕು ಅಂತ ಬರ್ಕೊಂಡಿದ್ದಾರೆ. ಮಂಜು ಕವಿಯೋ ಜಾಗದಲ್ಲಿ ಹಾರಿಸಿದ್ರೆ ಯಂತ್ರಾನೂ ಹಾಳು, ಕೆಲಸಾನೂ ಹಾಳು. ಹೊಳೆದಂಡೆ ಬಿಟ್ಟು ಮೇಲ್ಬೀದಿಗೆ ಮಾತ್ರ ಇಡೋಣ ಅಂತ."

ನೀಲಿಯಕ್ಕನ ಕಣ್ಣು ನೆಲದಲ್ಲಿ ಬಿದ್ದಿದ್ದ ಬಿಳಿ ಬಟ್ಟೆಯ ಮೇಲಿತ್ತು. ನರ್ಸಮ್ಮ ಮಾತು ಮುಂದುವರಿಸಿದಳು.

"ಅವತ್ತು ನನಗೆ ಮಂಜು ಕಂಡ ಹಾಗಿಲ್ಲ. ಆದ್ರೆ ನಾನು ಒಳಗಿದ್ದೆ. ಯಾರಾದ್ರೂ ಮೇಲಿದ್ದು ನೋಡಿದೋರು ಬರೆದುಕೊಡಲಿ ಅಂತ ಒಂದು ಕವರ್ ಕೊಟ್ಟಿದ್ದೆನಲ್ಲ ಅಕ್ಕ, ನಮ್ಮ ಆಫೀಸಿನ ವಿಳಾಸ ಬರೆದು, ಸ್ಟಾಂಪ್ ಹಚ್ಚಿ. ಇದೆಯಾ?"

"ಎಲ್ಲೋ ಇದೆ."

"ನಾಳಿದ್ದು ಶುಕ್ರವಾರದೊಳಗೆ ಹಾಕಿದ್ರೆ ತಲುಪುತ್ತೆ. ಏನು ಕಂಡಿತೋ ಅದನ್ನ ಬರೀರಿ. ಕಾಣಲಿಲ್ಲ ಅಂದ್ರೆ ಅದನ್ನೇ ಬರೀರಿ." ಹೊರಟವಳು ನಿಂತಳು. "ಆ ಮಂಜು ಇನ್ನೊಂದು ಕಾಲು ಗಂಟೆ ತಡೆದು ಬಂದಿದ್ರೆ ಸಾಕಾಗಿತ್ತು ಅಕ್ಕ. ನಾನು ದಿನಾ ಅದನ್ನೇ ಅಂದ್ಕೊಳ್ತೀನಿ."

ಗೇಟು ಮುಚ್ಚಿಕೊಂಡಿತು. ನೀಲಿಯಕ್ಕ ಮಣ್ಣಾದ ಬಟ್ಟೆಯನ್ನು ಎತ್ತಿಕೊಂಡು ಮತ್ತೆ ತೊಟ್ಟಿಗೆ ಹಾಕಿದಳು. ಕವರ್ ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಟ್ಟೆಗೆ ಹಾಕುವ ಗಂಜಿಯ ಡಬ್ಬದ ಕೆಳಗೆ, ಹನ್ನೊಂದು ತಿಂಗಳಿಂದ. ದಿನವೂ ಆ ಡಬ್ಬ ಎತ್ತುತ್ತಿದ್ದಳು, ದಿನವೂ ಮತ್ತೆ ಅದರ ಮೇಲೇ ಇಡುತ್ತಿದ್ದಳು.

ನಡೆದದ್ದು ಏನು ಎಂದು ಹೇಳಬೇಕಾದರೆ ಪ್ರವಾಹಕ್ಕಿಂತ ಹಿಂದಕ್ಕೆ ಹೋಗಬೇಕು. ಅದಕ್ಕೂ ಎರಡು ವರ್ಷ ಮುಂಚೆ ಒಂದು ಡ್ರೋನು ಮೂರು ದಿನ ಕೆಳಬೀದಿಯ ಮೇಲೆ ಸುತ್ತಿತ್ತು. ಯಾಕೆ ಬಂತು, ಯಾರದು ಎಂದು ಹೇಳುವವರಿಲ್ಲ. ನಾಲ್ಕನೆಯ ದಿನ ಬಾಗಿಲುಗಳ ಮೇಲೆ ಕೆಂಪು ಬಣ್ಣದ ಗುರುತು. ತಿಂಗಳು ತುಂಬುವುದರೊಳಗೆ ಒಂಬತ್ತು ಮನೆ ನೆಲಸಮ. ಅದು ಇನ್ನೊಮ್ಮೆ ಬಂದಾಗ ಬೀದಿಯವರು ತಮಗೆ ತಿಳಿದ ಉಪಾಯ ಮಾಡಿದರು. ಉಳಿದ ಇಪ್ಪತ್ತು ತಾರಸಿಗಳ ಮೇಲೂ ಒದ್ದೆ ಬೆಡ್‌ಶೀಟುಗಳನ್ನು ಅಡ್ಡಡ್ಡ ಹಾಸಿಬಿಟ್ಟರು. ಕಣ್ಣಿಗೆ ಗೋಡೆ ಕಾಣದಿದ್ದರೆ ಅಳೆಯುವುದೇನನ್ನು? ಯಂತ್ರ ಒಂದು ಗಂಟೆ ಸುತ್ತಿ ಹೊರಟುಹೋಯಿತು. ಅಂದು ಬೀದಿಗೆ ಬೀದಿಯೇ ನಕ್ಕಿತ್ತು. ಅಂದಿನಿಂದ ಅದು ಕೆಳಬೀದಿಯ ಕಾನೂನಾಯಿತು: ಹಾರುವ ಕಣ್ಣು ಬಂದರೆ ಮೊದಲು ಬಟ್ಟೆ ಮುಚ್ಚು. ಹಾವು ಕಚ್ಚಿಸಿಕೊಂಡವನು ಹಗ್ಗ ಕಂಡರೂ ಹಾರುತ್ತಾನೆ. ತಪ್ಪು ಅವನದಲ್ಲ. ಆದರೆ ಎಲ್ಲ ಹಗ್ಗವೂ ಹಾವಲ್ಲ.

ಪ್ರವಾಹದ ದಿನ ಬೆಳಗಿನ ಜಾವ ಹೊಳೆ ಒಡೆದು ಬಂತು. ಬೀದಿಯವರು ಮೇಲ್ಬೀದಿಯ ಶಾಲೆಗೆ ಹತ್ತಿಹೋದರು. ನೀಲಿಯಕ್ಕನ ಮನೆಯವರೂ ಹೊರಟರು, ಅಷ್ಟರಲ್ಲಿ ಮಗ ಹಿಂದೆ ತಿರುಗಿದ.

"ಆಸ್ಪತ್ರೆ ಬಟ್ಟೆ ಅಮ್ಮ. ಅರವತ್ತು ಬೆಡ್‌ಶೀಟು. ಕೊಚ್ಚಿಹೋದ್ರೆ ನಾಳೆ ಗಾಯಗೊಂಡು ಬಂದೋರು ಏನು ಬರೀ ಕಬ್ಬಿಣದ ಮೇಲೆ ಮಲಗ್ತಾರಾ?"

ಮೂಟೆಗಳನ್ನು ಅವನು ಕೆಳಗಿಂದ ಕೊಟ್ಟ, ನೀಲಿಯಕ್ಕ ಮತ್ತು ಗಂಡ ಮೆಟ್ಟಿಲು ಹತ್ತಿಸಿ ತಾರಸಿಗೆ ಒಯ್ದರು. ಕೊನೆಯ ಮೂಟೆ ಬರಲಿಲ್ಲ. ಬಾಯ್ಲರ್ ಕೋಣೆಯ ಗೋಡೆ ನೆನೆದು ಅವನ ಮೇಲೆ ಕುಸಿದಿತ್ತು. ಎರಡೂ ಕಾಲು, ತೊಡೆಯ ತನಕ, ಕಲ್ಲಿನಡಿ. ಮೂವರೂ ಸೇರಿ ಎಳೆದರೂ ಕಲ್ಲು ಕದಲಲಿಲ್ಲ. ಸೊಸೆ ಗೇಣುದ್ದ ನೀರಿನಲ್ಲಿ ಕೂತು ಅವನ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದುಕೊಂಡಳು. ಫೋನು ಸತ್ತಿತ್ತು. ನೀಲಿಯಕ್ಕ ಮತ್ತು ಗಂಡ ತಾರಸಿಯ ಮೇಲೆ ನಿಂತು ದೋಣಿಗಾಗಿ ಕೂಗಿದರು. ಒಂದು ಗಂಟೆಯಲ್ಲ, ಎರಡಲ್ಲ, ಐದು ಗಂಟೆ ಕೂಗಿದರು.

ಆ ಕೂಗು ಕೇಳಿ, ಬೀದಿಯ ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದುಕೊಂಡು ಬಂದವಳು ನರ್ಸಮ್ಮ. ಚೀಲವನ್ನು ತಲೆಯ ಮೇಲೆ ಹೊತ್ತು ನೇರ ಎತ್ತರದ ಕಟ್ಟೆಯ ಮೇಲಿದ್ದ ಬಾಯ್ಲರ್ ಕೋಣೆಗೆ ಹೋದಳು. ಅವಳು ಅಲ್ಲಿ ಕೂತ ಹೊತ್ತಿಗೇ ಅವಳ ಟ್ಯಾಬಿಗೆ ಸಿಗ್ನಲ್ ಬಂತು. ಡ್ರೋನು ಬಂದಿದೆ ಎಂದು ಅವಳಿಗೆ ತಿಳಿಯಿತು. ಮೇಲಿದ್ದವರಿಗೆ ತಿಳಿಯಲಿಲ್ಲ. ಡಾಕ್ಟರ ಮುಖ ಕಂಡಿತು, ಆದರೆ ಕಲ್ಲಿನ ಕೋಣೆಯೊಳಗೆ ಮಾತು ತುಂಡು ತುಂಡಾಗಿ ಬರುತ್ತಿತ್ತು. 'ಹತ್ತಿರ ಬಾ' ಎಂದು ಅವಳು ಟ್ಯಾಬಿನಲ್ಲಿ ಒತ್ತಿದಳು.

ಯಂತ್ರ ಹತ್ತಿರ ಬಂತು. ತಾರಸಿಯ ಮೇಲೆ, ಬಟ್ಟೆ ಹಗ್ಗದ ಮಟ್ಟಕ್ಕೆ ಇಳಿದು ನಿಂತಿತು.

ಇಸ್ತ್ರಿ ಮಾವ ಕಿರುಚಿದ. "ನೋಡೇ, ನೋಡೇ, ಮುಳುಗೋ ಹೊತ್ತಲ್ಲೂ ಅಳೆಯೋಕೆ ಬಂದಿದೆ. ಹೊಡಿಯೇ ಅದನ್ನ."

ನೀಲಿಯಕ್ಕ ಯೋಚಿಸಲಿಲ್ಲ. ಮೂಟೆಯಿಂದ ಒಂದು ಒದ್ದೆ ಬೆಡ್‌ಶೀಟು ಎಳೆದಳು. ಮೂವತ್ತು ವರ್ಷ ಕಲ್ಲಿಗೆ ಬಟ್ಟೆ ಬಡಿದ ತೋಳು. ತಲೆಯ ಮೇಲೆ ಎರಡು ಸುತ್ತು ಬೀಸಿ ಒಗೆದಳು. ಬಟ್ಟೆ ಬಲೆಯ ಹಾಗೆ ಬಿಚ್ಚಿಕೊಂಡು ಯಂತ್ರದ ಮೇಲೆ ಬಿತ್ತು. ಗರಗರ ಸದ್ದು ಕಟ್ಟಿತು. ಬಿಳಿ ಗಂಟೊಂದು ನೀರಿಗೆ ಬಿದ್ದು ತೇಲುತ್ತಾ ಹೋಯಿತು. ಬಟ್ಟೆಯೊಳಗೆ ಒಂದು ಹಸಿರು ದೀಪ ಸ್ವಲ್ಪ ದೂರದವರೆಗೆ ಮಿನುಗುತ್ತಲೇ ಇತ್ತು. ಗಂಡ ಬೆನ್ನು ತಟ್ಟಿದ. ಆ ಕ್ಷಣ ಅವಳಿಗೆ, ದೇವರಾಣೆಗೂ, ಗೆದ್ದ ಹಾಗಿತ್ತು.

ಆಮೇಲೆ ಕೆಳಗಿನಿಂದ ನರ್ಸಮ್ಮನ ದನಿ ಕೇಳಿಸಿತು. "ಡಾಕ್ಟರೇ? ಎತ್ತೋ ಮುಂಚೆ ಏನು? ಎತ್ತೋ ಮುಂಚೆ ಏನು ಮಾಡಬೇಕು ಡಾಕ್ಟರೇ?"

ನೀಲಿಯಕ್ಕ ಕೆಳಗಿಳಿದಾಗ ನರ್ಸಮ್ಮ ಟ್ಯಾಬನ್ನು ತಲೆಯ ಮೇಲೆತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದಳು. "ಈಗ ತಾನೇ ಇತ್ತಕ್ಕ. ಮೇಲೆ ಡ್ರೋನ್ ಇತ್ತು. ಎತ್ತೋ ಮುಂಚೆ ಅಂದ್ರು, ಅಷ್ಟಕ್ಕೇ ನಿಂತುಹೋಯ್ತು."

ಆ ಕ್ಷಣದಲ್ಲಿ ನೀಲಿಯಕ್ಕನಿಗೆ ಎಲ್ಲ ಗೊತ್ತಾಯಿತು. ಆ ಕ್ಷಣದಲ್ಲೇ ಬಾಯಿ ಕಟ್ಟಿತು.

ಕಾಲು ಗಂಟೆ ಕಾದರು. ನೀರು ಮಗನ ಎದೆಗೆ ಬಂತು, ಕುತ್ತಿಗೆಗೆ ಬಂತು. "ಎತ್ತಿ ಅಮ್ಮ, ಸಾಕು," ಎಂದ ಅವನು. ನರ್ಸಮ್ಮ ಒಮ್ಮೆ ಟ್ಯಾಬು ನೋಡಿದಳು, ಒಮ್ಮೆ ನೀರು ನೋಡಿದಳು. "ಎತ್ತಿ," ಎಂದಳು. ಬಟ್ಟೆ ಹಗ್ಗಕ್ಕೆ ಆಸರೆ ಕೊಡುವ ಎರಡು ಕೋಲುಗಳನ್ನು ಸಂದಿಗೆ ಕೊಟ್ಟು ಮೀಟಿ, ನಾಲ್ವರೂ ಸೇರಿ ಕಲ್ಲು ಸರಿಸಿದರು. ಅವನನ್ನು ತಾರಸಿಗೆ ಹೊತ್ತರು. "ಹಾಯೆನಿಸ್ತು," ಎಂದ. ನೀರು ಕೇಳಿದ. ಹೆಂಡತಿಯನ್ನು ನೋಡಿ, "ನಿನ್ನ ತೊಡೆ ಜೋಮು ಹಿಡಿದಿರಬೇಕು ಕಣೇ," ಎಂದು ನಕ್ಕ. ಅರ್ಧ ಗಂಟೆಯಲ್ಲಿ ಅವನ ಎದೆಬಡಿತ ನಿಂತಿತು.

ಮೂರು ದಿನದ ಮೇಲೆ ಡಾಕ್ಟರು ಸಿಕ್ಕಾಗ ನರ್ಸಮ್ಮ ಕೇಳಿದಳಂತೆ, ಎತ್ತುವ ಮುಂಚೆ ಏನು ಎಂದು. ಗಂಟೆಗಟ್ಟಲೆ ಒತ್ತಿಕೊಂಡ ಕಾಲಿನಲ್ಲಿ ವಿಷ ಕೂಡಿಕೊಳ್ಳುತ್ತದೆ. ಭಾರ ತೆಗೆದ ಕೂಡಲೇ ಅದು ರಕ್ತದ ಜೊತೆ ಹೃದಯಕ್ಕೆ ನುಗ್ಗುತ್ತದೆ. ಅದಕ್ಕೇ ಎತ್ತುವ ಮುಂಚೆ ಸಲೈನ್ ಹಾಕಬೇಕು. ಸಲೈನಿನ ಎರಡು ಬಾಟಲಿ ನರ್ಸಮ್ಮನ ಚೀಲದಲ್ಲೇ ಇದ್ದವು. ಮುಚ್ಚಳ ಕೂಡ ತೆಗೆದಿರಲಿಲ್ಲ.

ಹಾಕಿದ್ದರೆ ಉಳಿಯುತ್ತಿದ್ದನೇ? ಉಳಿಯಬಹುದಿತ್ತು ಎಂದರಂತೆ ಡಾಕ್ಟರು. ಆ 'ಬಹುದಿತ್ತು' ನೀಲಿಯಕ್ಕನಿಗೆ ಬಿಸಿ ತುಪ್ಪವಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಸೊಸೆಗೆ ತಿಳಿದದ್ದು ಇಷ್ಟೇ. ಡ್ರೋನು ಮಂಜಿಗೆ ಬಿತ್ತು. ಎತ್ತಿ ಎಂದವಳು ನರ್ಸಮ್ಮ.

ನರ್ಸಮ್ಮ ಬಂದುಹೋದ ಆ ಮಧ್ಯಾಹ್ನ ಇಸ್ತ್ರಿ ಕೋಣೆಯಲ್ಲಿ ಸೊಸೆ ದಿಂಬಿನ ಕವರುಗಳನ್ನು ಮಡಿಸುತ್ತಾ ಅಂದಳು, "ಯಾವ ಮುಖ ಇಟ್ಕೊಂಡು ಬರ್ತಾಳೋ. ಎತ್ತಿ ಅಂದೋಳೇ ಅವಳು. ನನಗೆ ಅವಳ ದನಿ ಕೇಳಿದ್ರೆ ಆ ಮಾತೇ ಕೇಳುತ್ತೆ."

ನೀಲಿಯಕ್ಕ ಗಂಜಿ ಡಬ್ಬ ಎತ್ತಿದಳು. ಕವರನ್ನು ತೆಗೆದು ಮೇಜಿನ ಮೇಲಿಟ್ಟಳು. ಡಬ್ಬದ ಗುಂಡನೆಯ ಗುರುತು ಅದರ ಮೇಲೆ ಮೂಡಿತ್ತು.

"ಒಂದು ಕಾಗದ ಬರೆದುಕೊಡಮ್ಮ. ನನ್ನ ಅಕ್ಷರ ಯಾರಿಗೂ ಓದೋಕೆ ಬರಲ್ಲ."

ಗಂಡನ ಕೈಯ ಇಸ್ತ್ರಿ ಪೆಟ್ಟಿಗೆ ನಿಂತಿತು. "ಬೇಡ ಕಣೇ," ಎಂದ. ಮೆಲ್ಲಗೆ ಎಂದ. ಅವನು ಮೆಲ್ಲಗೆ ಮಾತಾಡಿದ್ದನ್ನು ಸೊಸೆ ಕೇಳಿದ್ದೇ ಕಡಿಮೆ. "ಮಗನೂ ಹೋದ. ನಿನ್ನನ್ನೂ ಹಿಡ್ಕೊಂಡು ಹೋದ್ರೆ ನಾನು ಯಾರ ಮುಖ ನೋಡಲಿ?"

"ಬರಿ," ಎಂದಳು ನೀಲಿಯಕ್ಕ. "ಕೆಳಬೀದಿಯ ಡ್ರೋನು ಬಿದ್ದದ್ದು ಮಂಜಿನಿಂದ ಅಲ್ಲ."

ಸೊಸೆ ಬರೆದಳು. "ಮತ್ತೆ?"

"ನನ್ನಿಂದ."

ಪೆನ್ನು ನಿಂತಿತು.

"ಒದ್ದೆ ಬೆಡ್‌ಶೀಟು ಬೀಸಿ ನಾನೇ ಬೀಳಿಸಿದೆ. ಅಳೆಯೋ ಯಂತ್ರ ಅಂದ್ಕೊಂಡೆ. ಕೆಳಗೆ ಡಾಕ್ಟರು ಮಾತಾಡ್ತಿರೋದು ನನಗೆ ಗೊತ್ತಿರಲಿಲ್ಲ."

ಸೊಸೆ ಪೆನ್ನಿಗೆ ಮುಚ್ಚಳ ಹಾಕಿದಳು. ಅದನ್ನು ಕಾಗದದ ಮೇಲೆ ನೇರಕ್ಕೆ ಇಟ್ಟಳು. ಮಡಿಸುತ್ತಿದ್ದ ದಿಂಬಿನ ಕವರನ್ನು ಪೂರ್ತಿ ಮಡಿಸಿ, ಗುಡ್ಡೆಯ ಮೇಲೆ ಇಟ್ಟು, ಎದ್ದು ಹೋದಳು. ಬೈದಿದ್ದರೆ ನೀಲಿಯಕ್ಕ ತಡೆದುಕೊಳ್ಳುತ್ತಿದ್ದಳು.

ಮರುದಿನ ಬೆಳಗ್ಗೆ ಒಗೆಯುವ ಕಲ್ಲಿನ ಪಕ್ಕದ ಗೋಡೆಗೆ ಒಂದು ಕಬ್ಬಿಣದ ಕೊಕ್ಕೆ ಬಡಿದಾಗಿತ್ತು. ಸೊಸೆ ಬೆಡ್‌ಶೀಟಿನ ಒಂದು ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದನ್ನು ತಾನು ಹಿಡಿದು, ಒಬ್ಬಳೇ ಹಿಂಡುತ್ತಿದ್ದಳು. ನೀಲಿಯಕ್ಕ ಹತ್ತಿರ ಹೋಗಿ ಕೈ ಚಾಚಿದಳು. ಸೊಸೆ ಕೊಕ್ಕೆಯ ಕಡೆಗೇ ತಿರುಗಿ ನಿಂತಳು.

ಆ ದಿನವೆಲ್ಲ ಅರ್ಧ ಬರೆದ ಕಾಗದ ಮೇಜಿನ ಮೇಲೆಯೇ ಇತ್ತು. ಅದರ ಮೇಲೆ ಗಂಜಿ ಡಬ್ಬ ಇಡುವ ಧೈರ್ಯ ಯಾರಿಗೂ ಆಗಲಿಲ್ಲ.

ಶುಕ್ರವಾರ ಬೆಳಗ್ಗೆ ಪರ್‌ ಎಂದು ಸದ್ದಾಯಿತು. ನೀಲಿಯಕ್ಕ ಓಡಿ ಬಂದು ನೋಡಿದಳು. ಕೊಕ್ಕೆಗೆ ಸಿಕ್ಕಿದ ಬೆಡ್‌ಶೀಟು ನಡುಮಧ್ಯೆ ಹರಿದಿತ್ತು. ಅರ್ಧ ಕೊಕ್ಕೆಯಲ್ಲಿ, ಅರ್ಧ ಸೊಸೆಯ ಕೈಯಲ್ಲಿ. ಸೊಸೆ ಅದನ್ನು ಹಿಡಿದುಕೊಂಡೇ ಕಲ್ಲಿನ ಮೇಲೆ ಕೂತಳು.

"ಕೊಕ್ಕೆಗೆ ಸಡಿಲ ಬಿಡೋಕೆ ಬರಲ್ಲ," ಎಂದಳು. ಅತ್ತೆಯ ಮುಖ ನೋಡಲಿಲ್ಲ. "ನೀವು ಹೇಳಿದ್ದಿದ್ರೆ ಅವರು ವಾಪಸ್ಸು ಬರ್ತಿರಲಿಲ್ಲ. ಗೊತ್ತು. ಆದ್ರೆ ಹನ್ನೊಂದು ತಿಂಗಳು ನಾನು ಆ ನರ್ಸಮ್ಮನ ಮುಖದ ಮೇಲೆ ಬಾಗಿಲು ಹಾಕಿದೆನಲ್ಲ ಅತ್ತೆ. ನೀವು ಪಕ್ಕದಲ್ಲೇ ನಿಂತು ನೋಡ್ತಿದ್ರಿ."

ನೀಲಿಯಕ್ಕ ಕೊಕ್ಕೆಯಲ್ಲಿ ಉಳಿದಿದ್ದ ಅರ್ಧವನ್ನು ಬಿಡಿಸಿಕೊಂಡಳು.

"ಆ ಪೆನ್ನು ಕೊಡಿ," ಎಂದಳು ಸೊಸೆ.

ಮೂವರೂ ಇಸ್ತ್ರಿ ಮೇಜಿನ ಸುತ್ತ ಕೂತರು. ಸೊಸೆ ಬರೆದಳು. ನೀಲಿಯಕ್ಕ ಹೇಳಿದಳು.

"ಕೆಳಬೀದಿಯ ಡ್ರೋನು ಬಿದ್ದದ್ದು ಮಂಜಿನಿಂದ ಅಲ್ಲ, ನನ್ನಿಂದ. ನಿಮ್ಮ ಚಿತ್ರದಲ್ಲಿ ಕಂಡ ಬಿಳಿ ನಮ್ಮ ಮನೆಯ ಬೆಡ್‌ಶೀಟು. ಆ ಹೊತ್ತು ಗಾಳಿ ಸ್ವಚ್ಛವಾಗಿತ್ತು, ಹೊಳೆಯ ಆಚೆ ದಡದ ಮರಗಳೂ ಕಾಣುತ್ತಿದ್ದವು. ಮನೆ ಅಳೆಯುವ ಯಂತ್ರ ಎಂದು ತಿಳಿದು ಹಾಗೆ ಮಾಡಿದೆ. ಇಂಥದ್ದೊಂದು ಬರುತ್ತದೆ ಎಂದು ನಮಗೆ ಯಾರೂ ಮೊದಲು ಹೇಳಿರಲಿಲ್ಲ. ಅದು ಬಿದ್ದದ್ದರಿಂದ ಡಾಕ್ಟರ ಮಾತು ಅರ್ಧಕ್ಕೆ ನಿಂತು ನನ್ನ ಮಗ ಸತ್ತ. ನನಗೆ ಏನು ಶಿಕ್ಷೆಯೋ ಕೊಡಿ. ನಮ್ಮ ಬೀದಿಯಲ್ಲಿ ಇಪ್ಪತ್ತು ಮನೆಯಿದೆ. ಡ್ರೋನನ್ನು ನಮ್ಮ ಬೀದಿಗೆ ಕೊಡಿ. ನಿಲ್ಲಿಸಲು ನಮ್ಮ ತಾರಸಿಯನ್ನು ಕೊಡುತ್ತೇವೆ, ಹಗ್ಗಗಳನ್ನು ಬಿಚ್ಚಿಡುತ್ತೇವೆ."

"ನಿಲ್ಲು," ಎಂದ ಇಸ್ತ್ರಿ ಮಾವ. ಅವನ ಕಣ್ಣು ಮೇಜಿನ ಸುಟ್ಟ ಕಲೆಯ ಮೇಲಿತ್ತು. "ಹೊಡಿ ಅಂತ ಕೂಗಿದೋನು ನಾನು. ಅದನ್ನೂ ಬರಿ. ನನ್ನ ಸಹಿಯನ್ನೂ ಹಾಕ್ತೀನಿ. ಮತ್ತೆ, ಯಂತ್ರಕ್ಕೆ ಏನೋ ಬಣ್ಣ ಬಳಿಯೋಕೆ ಹೇಳು. ಯಾವುದು ಅಳೆಯೋದು, ಯಾವುದು ಉಳಿಸೋದು ಅಂತ ನನ್ನಂಥ ಮೊದ್ದನಿಗೂ ಗೊತ್ತಾಗಬೇಕು."

ಅದನ್ನೂ ಬರೆದಾಯಿತು. ಸೊಸೆ ಕೊನೆಗೆ ಯಾರನ್ನೂ ಕೇಳದೆ ಒಂದು ಸಾಲು ತಾನೇ ಸೇರಿಸಿದಳು. "ನರ್ಸಮ್ಮನವರ ತಪ್ಪೇನೂ ಇಲ್ಲ. ಇದನ್ನು ಅವರಿಗೂ ಓದಿ ಹೇಳಿ. ಹೇಳಲು ನನಗೆ ಬಾಯಿಲ್ಲ."

ಕವರಿಗೆ ಗಂಜಿಯನ್ನೇ ಅಂಟಾಗಿ ಹಚ್ಚಿದರು. ಆಸ್ಪತ್ರೆಗೆ ಹೋಗಬೇಕಾದ ಬಟ್ಟೆಯ ಗಾಡಿಯನ್ನು ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ ಹಿಡಿದು ತಳ್ಳುತ್ತಾ ಹೊರಟರು. ಅಂಚೆ ಡಬ್ಬ ಇರುವುದು ಬೀದಿಯ ಮೂಲೆಯಲ್ಲಿ, ಏರಿನ ಮೇಲೆ.

ಅವರು ಆ ಏರು ಹತ್ತುವಷ್ಟರಲ್ಲಿ, ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮಗೊಂದು ಮಾತು. ನಿಮ್ಮ ಬೀದಿಗೆ ಮಳೆ ಇನ್ನೂ ಬಂದಿಲ್ಲ. ಬರುವ ಮುಂಚೆ ನಿಮ್ಮ ಆರೋಗ್ಯ ಕಾರ್ಯಕರ್ತೆಯನ್ನು ಹಿಡಿದು ಕೂರಿಸಿ ಕೇಳಿ: ಟವರ್ ಬಿದ್ದರೆ ನಮಗೆ ಸಿಗ್ನಲ್ ತರುವ ಡ್ರೋನು ಇದೆಯೇ, ಅದರ ಗುರುತೇನು, ಎಲ್ಲಿ ನಿಲ್ಲುತ್ತದೆ? ಇಲ್ಲದಿದ್ದರೆ ಯಾಕಿಲ್ಲ ಎಂದೂ ಕೇಳಿ. ಅದು ಬಂದಾಗ ಕಲ್ಲೆಸೆಯಬೇಡಿ, ಬಟ್ಟೆ ಬೀಸಬೇಡಿ, ಮಕ್ಕಳನ್ನು ದೂರ ನಿಲ್ಲಿಸಿ. ಅದು ತರುವ ಸಿಗ್ನಲ್ ಸಣ್ಣ ದಾರಿ, ಎಲ್ಲರೂ ಒಟ್ಟಿಗೆ ನುಗ್ಗಿದರೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ವಿಡಿಯೊ ಕಳಿಸುತ್ತಾ ಕೂರದೆ, ಎಲ್ಲಿದ್ದೀರಿ, ಎಷ್ಟು ಜನ, ಯಾರಿಗೆ ಏನು ಪೆಟ್ಟು ಎಂದು ನಾಲ್ಕು ಪದ ಬರೆದು ದಾರಿ ಬಿಡಿ. ಮೋಡ ಕವಿದ ದಿನವೇ ಫೋನು ತುಂಬ ಚಾರ್ಜ್ ಮಾಡಿಟ್ಟುಕೊಳ್ಳಿ. ಯಾರದ್ದಾದರೂ ಕಾಲು ಬಹಳ ಹೊತ್ತು ಭಾರದಡಿ ಸಿಕ್ಕಿದ್ದರೆ, ಕೂಡಲೇ ಮುಳುಗುವ ಅಪಾಯ ಇಲ್ಲದಿದ್ದರೆ, ತಿಳಿದವರನ್ನು ಕೇಳದೆ ಎತ್ತಬೇಡಿ. ಮತ್ತೆ, ತಪ್ಪು ಆಗಿಹೋಗಿದ್ದರೆ ಬಾಯಿ ಬಿಡಿ. ಒಬ್ಬರು ಮುಚ್ಚಿಟ್ಟ ನಿಜದಿಂದ ಇಪ್ಪತ್ತು ಮನೆಯ ಮೇಲೆ ಇಲ್ಲದ ಮಂಜು ಕವಿಯುತ್ತದೆ. ಇದನ್ನು ಓದಿದವರು ಓದಲು ಬಾರದ ನೆರೆಯವರಿಗೂ ಓದಿ ಹೇಳಿ.

ಗಾಡಿ ಮೂಲೆಗೆ ಬಂದು ನಿಂತಿತು. ಆಕಾಶದ ಒಂದು ಕಡೆ ಕಪ್ಪಾಗುತ್ತಿತ್ತು. ಸೊಸೆ ಸೊಂಟದಿಂದ ಕವರ್ ತೆಗೆದಳು. ತಾನು ಹಾಕಲಿಲ್ಲ, ಅತ್ತೆಯ ಮುಂದೆ ಹಿಡಿದಳು.

"ನೀವೇ ಹಾಕಬೇಕು ಅತ್ತೆ."

ನೀಲಿಯಕ್ಕ ತೆಗೆದುಕೊಂಡಳು. ಕವರಿನ ಮೇಲಿನ ಗುಂಡನೆಯ ಗುರುತಿನ ಪಕ್ಕದಲ್ಲಿ ಅವಳ ಬೆರಳಿನ ನೀಲಿ ಹತ್ತಿತು. ಡಬ್ಬದ ಬಾಯಿಯೊಳಗೆ ಕೈ ಅರ್ಧ ಹೋದ ಮೇಲೂ ಕವರ್ ಅವಳ ಕೈ ಬಿಡಲಿಲ್ಲ. ಸೊಸೆ ಕಾದಳು. ಆತುರ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಕೊನೆಗೆ ಒಳಗೆ, ತಳದಲ್ಲಿ, ಕಾಗದ ಬಿದ್ದ ಸದ್ದಾಯಿತು.